ಮೊಣಕಾಲಿಗೆ ಮೂರನೇ ಫೋಟೋ

ನಮ್ಮತ್ತೆಯ ಬಲ ಮೊಣಕಾಲಿನ ಫೋಟೋ ಈಗ ನಮ್ಮ ಮನೆಯಲ್ಲಿ ಎರಡು ಇವೆ. ಒಂದು ಮಸ್ಕಿಯದು, ಇನ್ನೊಂದು ಲಿಂಗಸುಗೂರಿನದು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇನೆ. ಬಹಳ ಚೆನ್ನಾಗಿ ಬಂದಿವೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರ ಮುಖ ಕೂಡ ಇಷ್ಟು ಸ್ಪಷ್ಟವಾಗಿ ಬಂದಿಲ್ಲ.

ಮೂರನೆಯ ಫೋಟೋಗೆ ರಾಯಚೂರಿನಲ್ಲಿ ಟೈಮ್ ಕೂಡ ನಿಗದಿಯಾಗಿತ್ತು. ಈ ಸಲ ಎಂಆರ್‌ಐ. ಅದೂ ಮೊಣಕಾಲಿಗೇ.

ಒಂದೇ ಒಂದು ತೊಂದರೆ. ಅವರಿಗೆ ಪೆಟ್ಟಾಗಿದ್ದು ಮೊಣಕಾಲಿಗಲ್ಲ.

(ಈ ಅಂಕಣದಲ್ಲಿ ನಾನು ಸಿಟ್ಟು ಮಾಡುವವಳಲ್ಲ ಎಂದು ನಿಮಗೆ ಗೊತ್ತು. ಹೋದ ವಾರ ಹುಣಸೆಹಣ್ಣಿನ ಬೀಜ ಬಿಡಿಸುವ ಸುಖದ ಬಗ್ಗೆ ಬರೆದವಳು. ಈ ವಾರ ಹುಣಸೆಹಣ್ಣು ಸಿಗುವುದಿಲ್ಲ, ಕ್ಷಮಿಸಿ.)

ನಡೆದದ್ದು ಹೀಗೆ. ಮಸ್ಕಿಯಲ್ಲಿ ನನ್ನ ನಾದಿನಿ ಗಿರಿಜಾ ಇದ್ದಾಳೆ. ಅವಳ ಮಗನಿಗೆ ಮಗಳು ಹುಟ್ಟಿದ್ದಳು. ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಮರಿಮೊಮ್ಮಗಳನ್ನು ಎತ್ತಿಕೊಳ್ಳಬೇಕೆಂದು ನಮ್ಮತ್ತೆ ಅಮರಮ್ಮ ಮೊದಲೇ ಹೋಗಿ ಕೂತಿದ್ದರು. ನಾವು ಸಿಂಧನೂರಿನಿಂದ ಕಾರ್ಯಕ್ರಮದ ಹೊತ್ತಿಗೆ ಹೊರಡುವವರಿದ್ದೆವು.

ಅತ್ತೆಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ತಮ್ಮ ನೀರು ತಾವೇ ಕಾಯಿಸಿಕೊಂಡು ಸ್ನಾನ ಮಾಡುತ್ತಾರೆ, ತಾವೇ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಾರೆ, ಆಮೇಲೆ ನನ್ನ ರೊಟ್ಟಿಯಲ್ಲಿ ಒಂದು ತಪ್ಪು ಹುಡುಕುತ್ತಾರೆ. ಅವರು ಜಗತ್ತಿನಲ್ಲಿ ಹೆದರುವುದು ಒಂದಕ್ಕೇ. "ಒಬ್ರು ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋಗೂ ಬಾಳೇವು ನಂಗ ಬ್ಯಾಡವ್ವಾ" ಎನ್ನುತ್ತಿರುತ್ತಾರೆ. ಯಾರಾದರೂ ಮುದುಕಿಯರು ಹಾಸಿಗೆ ಹಿಡಿದ ಸುದ್ದಿ ಬಂದರೆ ಆ ದಿನ ಸುಮ್ಮನೆ ಓಣಿಯಲ್ಲಿ ಎರಡು ಸುತ್ತು ಹೆಚ್ಚು ತಿರುಗುತ್ತಾರೆ.

ಅಂಥವರು ಬಿದ್ದರು. ಹೇಗೆ ಬಿದ್ದರು ಎಂಬುದನ್ನು ಸರಿಯಾಗಿ ಕೇಳಿ. ಎಲ್ಲವೂ ಅಲ್ಲೇ ಇದೆ.

ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಅಳಿಯನ ಮುಂದೆ ಒಂದು ಶಿಸ್ತಿದೆ. ಅಳಿಯ ಒಳಗೆ ಬಂದರೆ ಮಂಚದಿಂದ ಏಳಬೇಕು. ಸೆರಗು ತಲೆಯ ಮೇಲೆ ಬರಬೇಕು. ಗೋಡೆಯ ಕಡೆ ಸರಿದು ದಾರಿ ಬಿಡಬೇಕು. ಆ ಅಳಿಯ ಸ್ವತಃ ಅಜ್ಜನಾಗಿದ್ದರೂ, ತಲೆ ನೆರೆತಿದ್ದರೂ, ಏಳಬೇಡಿರೆಂದು ಕೈ ಮುಗಿದರೂ.

ಅಳಿಯ, ಅಂದರೆ ಗಿರಿಜಾಳ ಗಂಡ ಚನ್ನಬಸವಣ್ಣನವರಿಗೆ ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಬಾಳೆಹಣ್ಣಿನ ಗೊನೆ ಹೊತ್ತು ಅವರು ಪಡಸಾಲೆಗೆ ಬಂದರು. ಅತ್ತೆ ಮಂಚದಿಂದ ಎದ್ದರು. ಎರಡೂ ಕೈಯಿಂದ ಸೆರಗು ಎಳೆದುಕೊಳ್ಳುತ್ತ ಹಿಂದಕ್ಕೆ ಹೆಜ್ಜೆ ಇಟ್ಟರು. ಹಿಂದೆ ಅಡುಗೆಮನೆಗೆ ಇಳಿಯುವ ಮೆಟ್ಟಿಲು ಇತ್ತು. ಗೋಡೆ ಹಿಡಿಯಲು ಒಂದು ಕೈಯಾದರೂ ಖಾಲಿ ಇರಬೇಕಲ್ಲ? ಇರಲಿಲ್ಲ. ಬಲಗಡೆಗೆ, ಪಕ್ಕೆ ಸಮೇತ, ಕಲ್ಲಿನ ಮೇಲೆ.

"ಬಿದ್ದಾಗೂ ನಮ್ಮವ್ವನ ತಲಿ ಮ್ಯಾಲಿನ ಸೆರಗು ಜಾರಿದ್ದಿಲ್ಲ ವೈನಿ" ಎಂದಳು ಗಿರಿಜಾ ಫೋನಿನಲ್ಲಿ. ಹೆಮ್ಮೆಯಿಂದ ಹೇಳಿದಳೋ, ಅಳುತ್ತ ಹೇಳಿದಳೋ, ನನಗೆ ಇನ್ನೂ ಗೊತ್ತಾಗಿಲ್ಲ.

ಚನ್ನಬಸವಣ್ಣ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊನೆ ಅಲ್ಲೇ ಬಿಟ್ಟು ಗಾಡಿ ತೆಗೆದರು. ಅತ್ತೆಯನ್ನು ಹೂವಿನಂತೆ ಎತ್ತಿ ಕೂರಿಸಿದರು. ಜೊತೆಗೆ ಅವರ ತಮ್ಮ ಹತ್ತಿದರು, ಪಕ್ಕದ ಅಂಗಡಿಯವರು ಹತ್ತಿದರು. ಹೆಂಗಸರು ಯಾರೂ ಹತ್ತಲಿಲ್ಲ. ಯಾಕೆ ಹತ್ತುತ್ತಾರೆ? ಮನೆ ತುಂಬ ಮಂದಿ, ಒಲೆಯ ಮೇಲೆ ಹುಗ್ಗಿ. ದವಾಖಾನೆಯ ಕೆಲಸ ಗಂಡಸರದು, ಹುಗ್ಗಿಯ ಕೆಲಸ ಹೆಂಗಸರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೂ ಯಾರೂ ತಪ್ಪುವುದಿಲ್ಲ.

ಇನ್ನೊಂದು ಪದ್ಧತಿಯೂ ನಮ್ಮ ಕಡೆಯ ಊರುಗಳಲ್ಲಿ ಇದೆ. ಬಿದ್ದವರನ್ನು ಮೊದಲು ಡಾಕ್ಟರ ಬಳಿ ಒಯ್ಯುವುದಿಲ್ಲ. ಮೊದಲು ಎಕ್ಸ್‌ರೇ. ಫೋಟೋ ಕೈಯಲ್ಲಿ ಹಿಡಿದು ಆಮೇಲೆ ಡಾಕ್ಟರು. "ಹೆಂಗೂ ಅವರು ಫೋಟೋ ಕೇಳ್ತಾರ, ಮೊದಲ ತಗಿಸ್ಕೊಂಡು ಹೋದ್ರ ಒಂದ್ ಪಾಳಿ ಉಳಿತೈತಿ" ಎಂಬ ಲೆಕ್ಕ. ಅಂದರೆ ಯಾವ ಮೂಳೆಯ ಫೋಟೋ ತೆಗೆಯಬೇಕೆಂದು ತೀರ್ಮಾನಿಸುವವರು ಯಾರು? ಗಾಡಿ ಓಡಿಸಿದವರು.

ಕೌಂಟರಿನಲ್ಲಿ ನಡೆದ ಮಾತು ಇಷ್ಟೇ.

"ಯಾವುದು ತಗೀಬೇಕ್ರಿ?"

"ಕಾಲಿಂದು."

"ಕಾಲಾಗ ಯಾವುದ್ರಿ? ಪಾದಾನೋ, ಮೊಣಕಾಲೋ?"

ಚನ್ನಬಸವಣ್ಣ ಹಿಂದೆ ತಿರುಗಿದರು. "ಅತ್ತೀ, ಎಲ್ಲಿ ಬ್ಯಾನಿ ಆಗಾಕತ್ತೈತ್ರಿ?"

ಗಾಲಿ ಕುರ್ಚಿಯಲ್ಲಿ ಅತ್ತೆ. ಎದುರಿಗೆ ಅಳಿಯ, ಅಳಿಯನ ತಮ್ಮ, ಅಂಗಡಿಯವರು, ಎಕ್ಸ್‌ರೇ ತೆಗೆಯುವಾತ. ಬೆನ್ನ ಹಿಂದೆ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನಷ್ಟು ಗಂಡಸರು. ಅತ್ತೆ ಸೆರಗು ಸರಿಮಾಡಿಕೊಂಡರು. ಮೊಣಕಾಲಿನ ಮೇಲೆ ಕೈಯಿಟ್ಟರು.

"ಮೊಣಕಾಲು ಬರ್ಕೋರಿ."

ಮುಗಿಯಿತು. ನಾನು ಬ್ಲೌಸಿನ ಲೈನಿಂಗ್ ಬಟ್ಟೆ ಆರಿಸಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಆದರೆ ಒಳಗೆ ಹೋದ ಮೇಲೆ ಬಹಳ ಹೊತ್ತು ಹಿಡಿಯಿತಂತೆ. ಯಾವುದಕ್ಕೆ? ಕಾಲಿಗಲ್ಲ, ಕೊರಳಿಗೆ.

"ಕೊಳ್ಳಾಗಿಂದೆಲ್ಲಾ ತಗಿಬೇಕಮ್ಮಾ" ಎಂದನಂತೆ ಎಕ್ಸ್‌ರೇಯಾತ. ಅತ್ತೆಯ ಕೊರಳಲ್ಲಿ ಇರುವುದು ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಯಿಂದ ಅದು ಬೇರೆಯಾಗಬಾರದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

"ಕೊಳ್ಳಾಗಿಂದು ತಗಿಯೂದು ನಂಗೇನು ಹೊಸಾದಲ್ಲಪ್ಪಾ" ಎಂದರಂತೆ ಅತ್ತೆ. (ಮಾವ ಹೋಗಿ ಬಹಳ ವರ್ಷವಾಯಿತು.) "ಆದ್ರ ಲಿಂಗ ತಗಿಯಂಗಿಲ್ಲ."

"ಎಲ್ಲಾರೂ ತಗೀತಾರಬೇ."

"ಎಲ್ಲಾರೂ ತಗೀಲಿ. ಮೊಣಕಾಲಿನ ಫೋಟೋಕ್ಕ ನನ್ನ ಲಿಂಗ ಎಲ್ಲಿ ಅಡ್ಡ ಬರ್ತೈತಿ, ಅಷ್ಟು ತೋರಿಸು."

ನ್ಯಾಯವಾದ ಪ್ರಶ್ನೆ. ನಿಯಮ ನಿಯಮ ಎಂದು ಒಬ್ಬರು, ವಯಸ್ಸಾದವರು ಬಿಡಿ ಎಂದು ಇನ್ನೊಬ್ಬರು, ದೊಡ್ಡವರಿಗೆ ಫೋನ್ ಹಚ್ಚಿ ಎಂದು ಮತ್ತೊಬ್ಬರು. ಕೊನೆಗೆ ಕರಡಿಗೆ ಕೊರಳಲ್ಲೇ ಉಳಿಯಿತು. ನನಗೆ ಇದನ್ನು ಕೇಳಿ ಮೊದಲು ನಗು ಬಂತು. ಆಮೇಲೆ ಮೈ ಉರಿಯಿತು. ನೋಯದ ಕೊರಳಿನ ಬಗ್ಗೆ ಅಷ್ಟು ಗಂಡಸರು ಅಷ್ಟು ಹೊತ್ತು ಚರ್ಚೆ ಮಾಡಿದರು. ನೋಯುವ ಕಾಲಿನ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ.

ಫೋಟೋ ಹಿಡಿದು ಡಾಕ್ಟರ ಬಳಿ ಹೋದರು. ಅವರು ಬೆಳಕಿಗೆ ಹಿಡಿದು ನೋಡಿದರು. "ಮುರಿದಿಲ್ಲ. ಸವಕಳಿ ಐತಿ, ವಯಸ್ಸಾತಲ್ಲ. ಮುಲಾಮು ಹಚ್ರಿ. ನಡೆದಾಡಿಸ್ರಿ, ಇಲ್ಲಾಂದ್ರ ಕಾಲು ಹಿಡ್ಕೊಂತೈತಿ."

ಡಾಕ್ಟರು ಫೋಟೋ ನೋಡಿದರು. ಕಾಲು ನೋಡಲಿಲ್ಲ.

ಹೊರಗೆ ಪಾಳಿ ಉದ್ದ ಇತ್ತಂತೆ. ಇರಬಹುದು. ನನ್ನ ಒಲೆಯ ಮುಂದೆಯೂ ಎಷ್ಟೋ ಸಲ ಪಾಳಿ ಇರುತ್ತದೆ. ಹಾಗಂತ ಹಸಿ ರೊಟ್ಟಿ ತಟ್ಟೆಗೆ ಹಾಕುತ್ತೇನೆಯೇ?

"ಮುರಿದಿಲ್ಲ" ಎಂಬ ಒಂದು ಮಾತು ಮನೆಗೆ ಬಂತು ನೋಡಿ, ಅದರೊಂದಿಗೆ ಅತ್ತೆಯ ಕಷ್ಟ ನಿಜವಾಗಿ ಶುರುವಾಯಿತು. ಮುರಿದಿಲ್ಲವಾದರೆ ನಡೆಯಬೇಕಲ್ಲ? ನಡೆಸಿದರು. ಒಂದು ಕಡೆ ಗಿರಿಜಾ, ಒಂದು ಕಡೆ ಅವಳ ಸೊಸೆ. ಪಡಸಾಲೆಯ ಆ ತುದಿಯಿಂದ ಈ ತುದಿಗೆ. ಅತ್ತೆ ಹಲ್ಲು ಕಚ್ಚಿಕೊಂಡು ನಡೆದರು. ಹಾಸಿಗೆ ಹಿಡಿಯುವ ಹೆದರಿಕೆ ಇದ್ದವರು ಇನ್ನೇನು ಮಾಡುತ್ತಾರೆ? ಪ್ರೀತಿಯಿಂದ ನಡೆಸಿದವರಿಗೂ, ಹೆದರಿಕೆಯಿಂದ ನಡೆದವರಿಗೂ ಒಳಗೆ ಏನು ನಡೆಯುತ್ತಿದೆ ಎಂದು ಗೊತ್ತಿರಲಿಲ್ಲ.

ನಾವು ಕಾರ್ಯಕ್ರಮಕ್ಕೆ ಹೋದಾಗ ಅತ್ತೆ ಗೋಡೆಗೆ ಒರಗಿ ಕೂತು ಮಗುವಿನ ಕಿವಿಯಲ್ಲಿ ಹೆಸರು ಹೇಳುವುದನ್ನು ನೋಡುತ್ತಿದ್ದರು. "ಫೋಟೋದಾಗ ಏನೂ ಇಲ್ಲ" ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು. ಇನ್ನು ಸ್ವಲ್ಪ ದಿನ ಮಗಳ ಮನೆಯಲ್ಲೇ ಇರಲಿ ಎಂದು ಬಿಟ್ಟು ಬಂದೆವು.

ನೋವು ಇಳಿಯಲಿಲ್ಲ. ಆಗ ಚನ್ನಬಸವಣ್ಣನವರ ತಮ್ಮ ಒಂದು ದಾರಿ ಹೇಳಿದರು. "ಲಿಂಗಸುಗೂರಾಗ ಡಿಜಿಟಲ್ ಐತಿ. ಅದ್ರಾಗ ಎಂಥಾ ಸಣ್ಣ ಗೆರಿ ಇದ್ರೂ ಕಾಣ್ತೈತಿ."

ಮತ್ತೆ ಗಾಡಿ. ಮತ್ತೆ ಬರೀ ಗಂಡಸರು. ಈ ಸಲ ಅತ್ತೆಯನ್ನು ಎಲ್ಲಿ ನೋವು ಎಂದೂ ಕೇಳಲಿಲ್ಲ. ಮಸ್ಕಿಯ ಫೋಟೋ ಕೌಂಟರಿನ ಮೇಲಿಟ್ಟು "ಇದನ್ನ ಡಿಜಿಟಲ್‌ನ್ಯಾಗ ತಗೀರಿ" ಎಂದರಂತೆ. ಮಸುಕಾದ ಆಧಾರ್ ಕಾರ್ಡಿಗೆ ಹೊಸ ಪ್ರಿಂಟ್ ಕೇಳುವ ಹಾಗೆ.

ಬಂತು. ಅದೇ ಮೊಣಕಾಲು. ಅದೇ ಸವಕಳಿ. ಇನ್ನೂ ಸ್ಪಷ್ಟವಾಗಿ.

ಈಗ ಮಾತು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಬೆಳಿಗ್ಗೆ ಹೂವಿನ ಚಿತ್ರ ಹಾಕುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಗುಂಪು ಇದ್ದಕ್ಕಿದ್ದಂತೆ ಮೆಡಿಕಲ್ ಕಾಲೇಜಾಯಿತು. ಲಿಗಮೆಂಟ್ ಎಂದರು ಒಬ್ಬರು. ಕೀಲಿನ ನಡುವಿನ ಗಾದಿ ಸವೆದಿದೆ ಎಂದರು ಇನ್ನೊಬ್ಬರು. ಎಲ್ಲರೂ ಒಪ್ಪಿದ್ದು ಒಂದೇ ಮಾತು: ಎಂಆರ್‌ಐ ಮಾಡಿಸಿ, ಅದೇ ದೊಡ್ಡದು. ನಮ್ಮ ಜನರ ಲೆಕ್ಕದಲ್ಲಿ ಎಕ್ಸ್‌ರೇ ಪ್ರೈಮರಿ ಶಾಲೆ, ಸಿ.ಟಿ. ಹೈಸ್ಕೂಲು, ಎಂಆರ್‌ಐ ಡಿಗ್ರಿ. ಮೊಣಕಾಲು ಇನ್ನೆಷ್ಟು ದಿನ ಪ್ರೈಮರಿಯಲ್ಲೇ ಇರಬೇಕು?

ನಮ್ಮ ಮನೆಯವರು ರಾಯಚೂರಿಗೆ ಫೋನ್ ಹಚ್ಚಿ ಟೈಮ್ ತೆಗೆದುಕೊಂಡರು. ಹಿಂದಿನ ದಿನವೇ ಅತ್ತೆಯನ್ನು ಸಿಂಧನೂರಿಗೆ ಕರೆತಂದರು. ಒಂದು ದಿನ ಮನೆಯಲ್ಲಿ ದಣಿವಾರಿಸಿಕೊಂಡು ಮರುದಿನ ಹೊರಡುವುದು ಎಂದು.

ಆ ಮಧ್ಯಾಹ್ನ ಅತ್ತೆ ಮಂಚದ ಮೇಲೆ ಮಲಗಿದ್ದರು. ನಾನು ಮುಲಾಮು ಹಚ್ಚಲು ಕೂತೆ. ಮೊಣಕಾಲನ್ನು ಒತ್ತಿದೆ, ತಿಕ್ಕಿದೆ, ಚಿಪ್ಪಿನ ಸುತ್ತ ಹೆಬ್ಬೆರಳು ತಿರುಗಿಸಿದೆ. ಅತ್ತೆ ಆರಾಮಾಗಿ ಸೂರು ನೋಡುತ್ತಿದ್ದರು. "ಫ್ಯಾನಿನ ಮ್ಯಾಲೆ ಧೂಳು ನೋಡು, ಕಡ್ಲಿ ಬಿತ್ತಬೌದು" ಎಂದರು.

ಮೂರು ಊರು ತಿರುಗಿಸುವಂಥ ಮೊಣಕಾಲನ್ನು ಹೀಗೆ ತಿಕ್ಕಿಸಿಕೊಂಡು ಯಾರಾದರೂ ಫ್ಯಾನಿನ ಧೂಳು ನೋಡುತ್ತಾರೆಯೇ?

ದಿಂಬು ಕೊಡಲು ಕಾಲು ಸ್ವಲ್ಪ ಸರಿಸಿದೆ. ಪಾದ ಒಂದಿಷ್ಟು ಒಳಕ್ಕೆ ಹೊರಳಿತು, ಅಷ್ಟೇ. ಅತ್ತೆಯ ತುಟಿ ಬಿಗಿಯಾಯಿತು. ಬಲಗೈ ಹೋಗಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿಯಿತು. ಆಮೇಲೆ ಮಗ್ಗುಲಾಗಬೇಕಾದಾಗ ಗಮನಿಸಿದೆ, ಅವರ ಕಾಲು ತಾನಾಗಿ ಏಳುತ್ತಿರಲಿಲ್ಲ. ತೊಡೆಯ ಕೆಳಗೆ ಎರಡೂ ಕೈ ಹಾಕಿ, ತುಂಬಿದ ಕೊಡ ಎತ್ತಿಡುವ ಹಾಗೆ, ತಮ್ಮ ಕಾಲನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಾಯಿಲೆ ಕೋಣೆ ನೋಡಿಕೊಳ್ಳಲು ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಹೊಟ್ಟೆನೋವು ಎಂದು ಹೋದರೆ ಮೊದಲು ಬಾಗಿಲು ಹಾಕುತ್ತಿದ್ದರು. ಆಮೇಲೆ "ಒಂದೇ ಬೆರಳು, ಎಲ್ಲಿ ತೋರಿಸು" ಎನ್ನುತ್ತಿದ್ದರು. ಅಂಗೈ ಇಟ್ಟು ತೋರಿಸಿದರೆ ಒಪ್ಪುತ್ತಿರಲಿಲ್ಲ. ಬೆರಳು ಇಡುವವರೆಗೂ ಮಾತ್ರೆಯ ಡಬ್ಬಿ ತೆರೆಯುತ್ತಿರಲಿಲ್ಲ. (ಗಣಿತ ಪರೀಕ್ಷೆಯ ದಿನ ನಮ್ಮ ಬೆರಳು ಎಲ್ಲೂ ನಿಲ್ಲುತ್ತಿರಲಿಲ್ಲ, ಆ ಮಾತು ಬೇರೆ.)

"ಅತ್ತೀ, ಒಂದ ಬೆರಳಿಲೆ ತೋರಸ್ರಿ. ಎಲ್ಲಿ?" ಎಂದೆ.

ಅತ್ತೆ ನನ್ನನ್ನು ನೋಡಲಿಲ್ಲ. ಬಾಗಿಲ ಕಡೆ ನೋಡಿದರು. ಅಲ್ಲಿ ಪಡಸಾಲೆಯಲ್ಲಿ ಅವರ ಮಗ ಯಾರೊಂದಿಗೋ ರಾಯಚೂರಿನ ರಸ್ತೆಯ ಬಗ್ಗೆ ಮಾತಾಡುತ್ತಿದ್ದರು.

"ಬಾಗ್ಲಾ ಹಾಕು" ಎಂದರು.

ಹಾಕಿದೆ.

ನನ್ನ ಬೆರಳು ಹಿಡಿದು ತೊಡೆಸಂದಿಗೆ ಒಯ್ದು ಇಟ್ಟರು. ನಾನು ಒತ್ತಲೂ ಇಲ್ಲ. ಸುಮ್ಮನೆ ತಾಕಿದ್ದಕ್ಕೇ ಉಸಿರು ಎಳೆದುಕೊಂಡರು. "ಇಲ್ಲಿ. ಇಲ್ಲಿಂದ ಮೊಣಕಾಲ ತನಾ ಇಳಿತೈತಿ."

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ಯಾರಿಗೆ ಹೇಳಲಿ? ಅಳಿಯ ನಿಂತಾನ. ಅವನ ತಮ್ಮ ನಿಂತಾನ. ಆ ಮಷಿನಿನವ ನಿಂತಾನ. ಅಲ್ಲಿ ಕೈ ಹಚ್ಚಿ ತೋರಿಸ್ಲೇನು? ಮೊಣಕಾಲೂ ಬ್ಯಾನಿ ಆಗ್ತೈತವ್ವಾ. ಸುಳ್ಳು ಹೇಳಿಲ್ಲ ನಾ."

"ಗಿರಿಜಾನ ಮುಂದರ ಹೇಳಬಾರದೇನ್ರಿ?"

"ಏನೂ ಆಗಿಲ್ಲ ಅಂತ ಡಾಕ್ಟ್ರು ಅಂದಮ್ಯಾಲೆ ನಾ ಇನ್ನೊಂದು ಜಾಗ ಹೇಳಿದ್ರ ಏನಂತಾರ? ಕೂಸಿನ ಕಾರ್ಯದಾಗ ಮುದುಕಿ ಸೋಗು ಮಾಡಾಕತ್ತಾಳ ಅಂತಾರ." ಆಮೇಲೆ ಗೋಡೆಗೆ ಹೇಳುವ ಹಾಗೆ ಕೇಳಿದರು. "ನಾ ಇನ್ನ ಬಚ್ಚಲಿಗೆ ಹೋಗಂಗಿಲ್ಲೇನು?"

ನಾನು ಎದ್ದು ಹೋಗಿ ಮನೆಯವರಿಗೆ ನೋವು ಸೊಂಟದ ಕೀಲಿನ ಕಡೆ ಇದೆ, ರಾಯಚೂರು ಬೇಡ ಎಂದೆ.

"ಹಂಗ್ಯಾಕ? ಎಂಆರ್‌ಐ ಅಂದ್ರ ಎಲ್ಲಾ ಬರ್ತೈತಿ ಬಿಡು."

"ಮೊಣಕಾಲಿನ ಎಂಆರ್‌ಐನ್ಯಾಗ ಸೊಂಟದ ಕೀಲು ಬರಂಗಿಲ್ರಿ."

"ನೀ ಯಾವಾಗ ಡಾಕ್ಟರ್ ಆದಿ?"

"ನಿಮ್ಮ ಪಾಸ್‌ಪೋರ್ಟ್ ಫೋಟೋದಾಗ ನಿಮ್ಮ ಚಪ್ಪಲಿ ಬಂದಾವೇನ್ರಿ?"

ಮನೆಯವರು ಸುಮ್ಮನಾದರು. (ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಹೀಗೆ ಸುಮ್ಮನಾಗಿದ್ದು ಅಪರೂಪ. ಅದಕ್ಕೇ ಇಲ್ಲಿ ದಾಖಲಿಸಿದ್ದೇನೆ.)

ಸಿಂಧನೂರಿನಲ್ಲೇ ಒಬ್ಬ ಮೂಳೆ ಡಾಕ್ಟರ ಬಳಿ ಹೋದೆವು. ಎಕ್ಸ್‌ರೇಗೆ ಮೊದಲು ಡಾಕ್ಟರು. ನಾನು ಮನೆಯವರನ್ನು ಹೊರಗೆ ಕೂರಲು ಹೇಳಿದೆ. ಡಾಕ್ಟರು ನರ್ಸಮ್ಮನನ್ನು ಕರೆದು ಪರದೆ ಎಳೆಸಿದರು. ನಾನು ಅತ್ತೆಯ ಪರವಾಗಿ ಜಾಗ ತೋರಿಸಿದೆ. ಅತ್ತೆ ಸೆರಗಿನೊಳಗಿಂದ ಹೂಂ ಎಂದರು.

ಡಾಕ್ಟರು ಫೋಟೋಗಳನ್ನು ಪಕ್ಕಕ್ಕಿಟ್ಟರು. ಅತ್ತೆಯ ಪಾದ ಹಿಡಿದು ಮೆಲ್ಲಗೆ ಒಳಕ್ಕೆ ಹೊರಳಿಸಿದರು, ಹಿಮ್ಮಡಿಗೆ ಅಂಗೈಯಿಂದ ಸಣ್ಣಗೆ ತಟ್ಟಿದರು. ಅಷ್ಟಕ್ಕೇ ಅತ್ತೆಯ ಕೈ ಕರಡಿಗೆಗೆ ಹೋಯಿತು. "ಕಾಲು ನೇರ ಇಟ್ಟು ಎತ್ರಿ ನೋಡೂಣು" ಎಂದರು. ಏಳಲಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಳನ್ನು ಕೇಳಿ. ಬಿದ್ದಾಗ ತಲೆಗೆ ಪೆಟ್ಟು ಬಿತ್ತಾ? ಆಮೇಲೆ ವಾಂತಿ, ಮಂಪರು ಏನಾದರೂ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರಾ? ಬೀಳುವ ಮೊದಲು ಕಣ್ಣು ಕತ್ತಲೆ ಬಂದಿತ್ತಾ, ಇಲ್ಲಾ ಎಡವಿದ್ದಾ? ತಲೆಗೆ ಪೆಟ್ಟಾಗಿದ್ದರೆ, ಅಂಥ ಮಾತ್ರೆ ನುಂಗುತ್ತಿದ್ದರೆ, ಕಾಲಿಗಿಂತ ಮೊದಲು ತಲೆಯ ಸಿ.ಟಿ. ಯೋಚಿಸಬೇಕಾಗುತ್ತಿತ್ತಂತೆ. ಪುಣ್ಯಕ್ಕೆ ಮೆಟ್ಟಿಲು ತಪ್ಪಿದ್ದು ಬಿಟ್ಟರೆ ಉಳಿದೆಲ್ಲದಕ್ಕೂ ಇಲ್ಲ ಎಂಬ ಉತ್ತರವೇ ಬಂತು. ಆದರೆ ನನಗೆ ಹೊಳೆದದ್ದು ಬೇರೆ. ಎರಡು ಊರು ಸುತ್ತಿ ಬಂದ ನಮಗೆ ಇವುಗಳಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಎರಡು ಫೋಟೋ ಇದ್ದವು. ಒಂದು ಪ್ರಶ್ನೆಯೂ ಇರಲಿಲ್ಲ.

ಸೊಂಟದ ಎಕ್ಸ್‌ರೇ ಮಾಡಿಸಿದರು, ಎರಡೂ ಕೀಲು ಒಟ್ಟಿಗೆ ಕಾಣುವ ಹಾಗೆ. ಬಂತು. ಮುರಿದದ್ದು ಕಾಣಲಿಲ್ಲ.

"ನೋಡು, ಏನೂ ಇಲ್ಲ" ಎಂದರು ನಮ್ಮ ಮನೆಯವರು. ಮುಖ ಅರಳಿತ್ತು. ಸುಳ್ಳೇಕೆ, ನನ್ನದೂ.

ಡಾಕ್ಟರ ಮುಖ ಅರಳಲಿಲ್ಲ. "ಕಾಣಾಕತ್ತಿಲ್ಲ ಅಂತ ಮಾತ್ರ ಹೇಳಬೌದ್ರಿ. ಇಲ್ಲ ಅಂತ ಹೇಳಾಕ ಬರಂಗಿಲ್ಲ. ವಯಸ್ಸಾದವರಿಗೆ ಸಣ್ಣ ಸೀಳು ಇದ್ರ ಎಕ್ಸ್‌ರೇದಾಗ ತಪ್ಪಿಸ್ಕೊಂತೈತಿ. ಫೋಟೋ ಏನರ ಹೇಳ್ಲಿ, ಅಮ್ಮಾರ ಕಾಲು ಮುರಿದೈತಿ ಅನ್ನಾಕತ್ತೈತಿ. ನಾ ಕಾಲಿನ ಮಾತು ಕೇಳ್ತೀನಿ."

ಆ ಮಾತನ್ನು ನಾನು ದೇವರ ಕೋಣೆಯ ಗೋಡೆಗೆ ಬರೆಸಬೇಕೆಂದಿದ್ದೇನೆ.

"ಮತ್ತ ಮೊಣಕಾಲು ಯಾಕ ನೋಯ್ತೈತ್ರಿ?" ಎಂದು ಕೇಳಿದೆ.

"ಸೊಂಟದ ಕೀಲಿಗೂ ಮೊಣಕಾಲಿಗೂ ಹೋಗೂ ನರ ಒಂದ ಕಡಿಂದ ಬರ್ತಾವ್ರಿ. ಮ್ಯಾಲೆ ಪೆಟ್ಟು ಬಿದ್ರ ಕೆಳಗ ಬ್ಯಾನಿ ಕಾಣ್ತೈತಿ. ಅದಕ್ಕ ಬಿದ್ದು ಮೊಣಕಾಲು ಅಂದ್ರ ಸೊಂಟಾನೂ ನೋಡಬೇಕು."

ಮುಂದೆ? ಇಂಥ ಸೀಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಎಂಆರ್‌ಐ ಎಂದೇ ಅವರೂ ಹೇಳಿದರು. ಮನೆಯವರು ನನ್ನ ಕಡೆ ನೋಡಿದರು. "ಆದ್ರ ಸೊಂಟದ್ದು" ಎಂದರು ಡಾಕ್ಟರು. ನಾನು ಮನೆಯವರ ಕಡೆ ನೋಡಿದೆ. ಅದಕ್ಕಾಗಿ ಇವರನ್ನು ಮತ್ತೆ ಗಾಡಿಯಲ್ಲಿ ಅಷ್ಟು ದೂರ ಕುಲುಕಿಸಿಕೊಂಡು ಹೋಗುವ ಬದಲು ಇಲ್ಲೇ, ಈಗಲೇ, ಸಿ.ಟಿ. ಮಾಡಿಸೋಣ. ಅದರಲ್ಲೂ ಕಾಣದಿದ್ದರೆ, ನೋವು ಹೀಗೇ ಇದ್ದರೆ, ಆಗ ಎಂಆರ್‌ಐ. ಅಲ್ಲಿಯವರೆಗೂ ಒಂದು ಹೆಜ್ಜೆ ಕೂಡ ನೆಲಕ್ಕೆ ಇಡಿಸಬೇಡಿ. ಹೀಗೆ ಹೇಳಿದರು. ದೊಡ್ಡ ಮಷಿನ್, ಸಣ್ಣ ಮಷಿನ್ ಎಂಬ ಮಾತೇ ಬರಲಿಲ್ಲ. ಏನು ಹುಡುಕುತ್ತಿದ್ದೇವೆ, ಯಾರಲ್ಲಿ ಹುಡುಕುತ್ತಿದ್ದೇವೆ, ಯಾವುದು ಬೇಗ ಸಿಗುತ್ತದೆ. ಇಷ್ಟೇ ಲೆಕ್ಕ. ಜೋಳ ಆರಿಸಲು ಮೊರ, ಹಿಟ್ಟಿಗೆ ಜರಡಿ ಎಂದು ನಮಗೆ ಅಡುಗೆಮನೆಯಲ್ಲಿ ಗೊತ್ತಿರುವ ವಿಷಯ.

ಸಿ.ಟಿ. ಕೋಣೆಯಲ್ಲಿ ಮತ್ತೆ ಅದೇ ಪ್ರಶ್ನೆ. "ಕೊಳ್ಳಾಗಿಂದು ತಗೀರಿ." ಅತ್ತೆ ಮುಷ್ಟಿ ಬಿಗಿ ಮಾಡಿದರು. ನಾನು ನಡುವೆ ಬಂದೆ. "ಫೋಟೋ ಸೊಂಟದ್ದು. ಕರಡಿಗಿ ಎದಿ ಮ್ಯಾಲೈತಿ. ಭುಜದ ಕಡಿ ಸರಿಸಿದ್ರ ಸಾಲಂಗಿಲ್ಲೇನ್ರಿ?" ಆತ ಒಳಗೆ ಕೇಳಿ ಬಂದ. ಸಾಲುತ್ತದಂತೆ. ಎಂಆರ್‌ಐ ಆಗಿದ್ದರೆ ಲೋಹದ ಮಾತು ಬೇರೆ, ಅದು ಅಯಸ್ಕಾಂತದ ಮಷಿನ್, ಇದಕ್ಕೆ ತೊಂದರೆ ಇಲ್ಲ ಎಂದೂ ತಿಳಿಸಿದ. ಅತ್ತೆ ಕರಡಿಗೆ ಕಟ್ಟಿದ ಶಿವದಾರವನ್ನು ಭುಜಕ್ಕೆ ಸರಿಸಿಕೊಂಡು ಒಳಗೆ ಹೋದರು. ಒಂದು ಪ್ರಶ್ನೆ, ಒಂದು ಉತ್ತರ. ಯಾರ ದೇವರಿಗೂ ತ್ರಾಸವಾಗಲಿಲ್ಲ.

ಸಿ.ಟಿ.ಯಲ್ಲಿ ಕಂಡಿತು. ತೊಡೆಮೂಳೆಯ ಕುತ್ತಿಗೆಯಲ್ಲಿ ಕೂದಲೆಳೆಯಂಥ ಸೀಳು. ಇನ್ನೂ ಜಾರಿರಲಿಲ್ಲ. ಅಷ್ಟು ನಡೆಸಿದ ಮೇಲೂ ಜಾರಿರಲಿಲ್ಲ. ಜಾರಿದ್ದರೆ ಕೀಲನ್ನೇ ಬದಲಿಸಬೇಕಾಗುತ್ತಿತ್ತು, ಇಲ್ಲವೇ ಅತ್ತೆ ಹೆದರುತ್ತಿದ್ದ ಹಾಸಿಗೆಯೇ ಗತಿಯಾಗುತ್ತಿತ್ತು ಎಂದರು ಡಾಕ್ಟರು. ಆಪರೇಷನ್ ಮಾಡಿ ಸ್ಕ್ರೂ ಹಾಕಿದರು.

ಈಗ ನನ್ನ ಸಿಟ್ಟು ಯಾರ ಮೇಲೆ?

ಚನ್ನಬಸವಣ್ಣನ ಮೇಲಲ್ಲ. ತಮ್ಮ ತಾಯಿಗೆ ಮಾಡುವಷ್ಟು ಮಾಡಿದರು. ಗಿರಿಜಾಳ ಮೇಲೂ ಅಲ್ಲ, ಅವಳು ವಿಷಯ ತಿಳಿದ ದಿನದಿಂದ ಸರಿಯಾಗಿ ಊಟ ಮಾಡಿಲ್ಲ. "ನಾನ ನಡೆಸಿದ್ನೆಲ್ಲ ವೈನಿ" ಎಂದು ಅದೊಂದನ್ನೇ ಹೇಳುತ್ತಾಳೆ. ಅವಳಿಗೆ ಆ ಭಾರ ಯಾರು ಹೊರಿಸಿದರು? "ಮುರಿದಿಲ್ಲ" ಎಂಬ ಅರ್ಧ ಮಾತು ಹೊರಿಸಿತು. "ಮೊಣಕಾಲು ಮುರಿದಿಲ್ಲ, ಉಳಿದದ್ದು ನಾನು ನೋಡಿಲ್ಲ" ಎಂಬುದು ಪೂರ್ತಿ ಮಾತು. ಉಳಿದರ್ಧ ಹೇಳಲು ಎಷ್ಟು ಹೊತ್ತು ಬೇಕು ಸ್ವಾಮಿ?

ನಮ್ಮ ಊರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಎಷ್ಟು ಸ್ಕ್ಯಾನ್ ಬೋರ್ಡುಗಳು ಕಾಣುತ್ತವೆ, ಗಮನಿಸಿದ್ದೀರಾ? ಎಲ್ಲದರಲ್ಲೂ ನಗುವ ಅಜ್ಜ ಅಜ್ಜಿ. (ಅವರು ನಮ್ಮ ಕಡೆಯವರಲ್ಲ. ನಮ್ಮ ಅಜ್ಜಿಯರಿಗೆ ಅಷ್ಟು ಹಲ್ಲು ಇರುವುದಿಲ್ಲ.) ಗೊರೇಬಾಳದಿಂದ, ಸಾಲಗುಂದದಿಂದ ಬೈಕಿನ ನಡುವೆ ಕೂರಿಸಿಕೊಂಡು, ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ಬಿದ್ದ ಮುದು ಜೀವಗಳನ್ನು ಆ ಬೋರ್ಡುಗಳ ಕೆಳಗೆ ಇಳಿಸುತ್ತಾರೆ. ಒಳಗೆ ಹೊಚ್ಚ ಹೊಸ ಮಷಿನ್ ಇರುತ್ತದೆ. ಎ.ಸಿ. ಇರುತ್ತದೆ. ಲಿಂಗಸುಗೂರಿನ ಡಿಜಿಟಲ್ ಕೋಣೆಯಲ್ಲಿ ಪರದೆ ಹಾಕುವ ಸರಳು ಕೂಡ ಇತ್ತಂತೆ. ಪರದೆ ಇರಲಿಲ್ಲವಂತೆ. ಮಸ್ಕಿಯಲ್ಲಿ ಪರದೆ ಇತ್ತು, ಓಡಾಡಲು ಅಡ್ಡವಾಗುತ್ತದೆಂದು ಗಂಟು ಹಾಕಿ ಮೇಲೆ ಕಟ್ಟಿದ್ದರಂತೆ. ಇದನ್ನು ಹೇಳಿದ್ದು ನಮ್ಮತ್ತೆ. ಇಷ್ಟೆಲ್ಲ ನೋವಿನಲ್ಲೂ ಅವರ ಕಣ್ಣು ಹುಡುಕಿದ್ದು ಅದನ್ನೇ.

ಕೋಟಿ ಹಾಕಿ ಮಷಿನ್ ತರುತ್ತೀರಿ. ಅದರ ಮುಂದೆ ಮೂರು ಮೊಳ ಬಟ್ಟೆ ಹಾಕಲು ಆಗುವುದಿಲ್ಲವೇ? ಮುದುಕಿಯ ಕಿವಿಯ ಬಳಿ ಬಾಗಿ ಕೇಳಲು ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಲು ಆಗುವುದಿಲ್ಲವೇ? ಗಾಡಿ ಹತ್ತುವ ಗಂಡಸರೇ, ನಿಮ್ಮ ಜೊತೆ ಮನೆಯ ಒಬ್ಬ ಹೆಂಗಸನ್ನು ಹತ್ತಿಸಿಕೊಳ್ಳಿ. ಹುಗ್ಗಿ ತಳ ಹಿಡಿದರೆ ಹಿಡಿಯಲಿ.

ಹೋದ ಭಾನುವಾರ ಚನ್ನಬಸವಣ್ಣ ಅತ್ತೆಯನ್ನು ನೋಡಲು ಬಂದರು. ಅತ್ತೆ ಈಗ ವಾಕರ್ ಹಿಡಿದು ತಾವೇ ಬಚ್ಚಲಿಗೆ ಹೋಗುತ್ತಾರೆ. ನೆಲದ ಮೇಲೆ ಕೂರುವ ಹಾಗಿಲ್ಲ, ಕುರ್ಚಿಯ ಮೇಲೆ ಕೂತು ಪೂಜೆ ಮಾಡಿಕೊಳ್ಳುತ್ತಾರೆ, "ಖುರ್ಚಿ ಮ್ಯಾಲೆ ಕುಂತ್ರ ದೇವರಿಗೆ ಇಂಟರ್‌ವ್ಯೂ ಮಾಡಿದಂಗ ಆಗ್ತೈತಿ" ಎಂದು ಗೊಣಗುತ್ತಾರೆ. ನನ್ನ ರೊಟ್ಟಿಯಲ್ಲಿ ತಪ್ಪು ಹುಡುಕುವುದು ಮತ್ತೆ ಶುರುವಾಗಿದೆ. ನನಗೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ವಾಕರ್ ಹಿಡಿದು ಪಡಸಾಲೆಯ ನಡುವೆ ನಿಂತಿದ್ದರು. ಅಳಿಯ ಹೊಸ್ತಿಲು ದಾಟಿದರು. ಅತ್ತೆಯ ಎರಡೂ ಕೈ ವಾಕರ್ ಬಿಟ್ಟು ಸೆರಗಿಗೆ ಹೋದವು. ನಾನು ಓಡಿ ಹೋಗಿ ಸೊಂಟ ಹಿಡಿದುಕೊಂಡೆ. ಕುರ್ಚಿಗೆ ಕೂರಿಸಿದೆ.

ಚನ್ನಬಸವಣ್ಣ ದೂರದಲ್ಲೇ ಕೂತರು. ಪಾಪ, ಅವರ ಕಣ್ಣಲ್ಲಿ ನೀರಿತ್ತು. "ತಪ್ಪಾತ್ರಿ ಅತ್ತಿ. ಈಗರ ಖರೆ ಹೇಳ್ರಿ, ಬ್ಯಾನಿ ಎಲ್ಲೈತಿ?"

ಅತ್ತೆ ಸೆರಗನ್ನು ಇನ್ನೊಂದಿಷ್ಟು ಮುಂದಕ್ಕೆ ಎಳೆದುಕೊಂಡರು. ಅವರ ಕೈ ಮೆಲ್ಲಗೆ ಇಳಿದು ಮೊಣಕಾಲಿನ ಮೇಲೆ ಕೂತಿತು.

"ಇಲ್ಲೇರಿ. ಈಗ ಆರಾಮೈತಿ."

ಹೇಳಿ, ಇದಕ್ಕೆ ಯಾವ ಸ್ಕ್ಯಾನ್ ಬರೆದುಕೊಡುತ್ತೀರಿ?